ಚಹಾ ಇಡ್ಲಾಕ ಹೇಳ್ರಿ

ಚಿತ್ತಾಪುರ
14 ಜುಲೈ 2025

ಭಾಗ್ಯಾ,

ಫೋನಿನಲ್ಲಿ ನಿನ್ನ ಕೆಲಸದ ಮಾತೆತ್ತಿದರೆ ಸಾಕು, 'ಅಕ್ಕಾ, ಆಮ್ಯಾಲ ಮಾತಾಡ್ತೀನಿ' ಎಂದು ಕಟ್ ಮಾಡುತ್ತೀ. ಮೆಸೇಜು ಕಳಿಸೋಣವೆಂದರೆ ನನ್ನ ಫೋನು ಈ ಮನೆಯಲ್ಲಿ ಎಲ್ಲರ ಕೈಯಲ್ಲೂ ಓಡಾಡುತ್ತದೆ. ತಮ್ಮ ಅಣವೀರನನ್ನು ಮನೆಯಲ್ಲಿಟ್ಟುಕೊಂಡ ಮೇಲೆ ಫೋನಿಗೆ ಬೀಗ ಹಾಕಲಾದೀತೇ? ಅದಕ್ಕೇ ಈ ಸ್ಪೀಡ್ ಪೋಸ್ಟು. ನಗಬೇಡ, ಪೂರ್ತಿ ಓದು.

ನಮ್ಮ 'ಕಾಗಿಣಾ ಪಡೆ' ನಿನಗೆ ಗೊತ್ತೇ ಇದೆ. ವಾಡಿ, ಶಹಾಬಾದ, ಸೇಡಂ, ಚಿಂಚೋಳಿ ಕಡೆಯ ಹುಡುಗ ಹುಡುಗಿಯರು ಕೂಡಿ ಫೋನಿನಲ್ಲಿ 'ರಣಕೋಟೆ' ಆಡುವ ಗುಂಪು. ನಾಲ್ವರ ತಂಡ, ಕಿವಿಗೆ ಮೈಕು, ಮಾತಾಡುತ್ತ ಕೋಟೆ ಕಾಯಬೇಕು. ನನಗೆ ಆಡಲು ಬರುವುದಿಲ್ಲ. ಆದರೆ ಶಾಲೆಯಲ್ಲಿ ಕಬಡ್ಡಿಗೆ ಸೀಟಿ ಊದುವವಳಲ್ಲವೇ, ಜಗಳ ಬಿಡಿಸಲು ನನ್ನನ್ನೇ ಗುಂಪಿನ ಹಿರಿಯಳನ್ನಾಗಿ ಕೂಡಿಸಿದ್ದಾರೆ. ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಪಂದ್ಯವಿದೆ. ಸೇಡಂನ ಲುಂಬಿನಿಯನ್ನು ನಾಯಕಿ ಮಾಡಿದೆ. ಬಸ್ ಡ್ರೈವರ್ ವಿಠೋಬಾ ಅವರ ಮಗಳು. ಅವರು ಚಿತ್ತಾಪುರದಲ್ಲಿದ್ದಾಗ ನನ್ನ ಕೈಯಲ್ಲೇ ಕಬಡ್ಡಿ ಕಲಿತವಳು, ಈಗ ಸೇಡಂನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅವಳು ಬಂದವಳೇ ವಾಡಿಯ ಕಲೀಮನನ್ನೂ ನಮ್ಮ ಅಣವೀರನನ್ನೂ ತಂಡದಿಂದ ಕೈಬಿಟ್ಟಳು. ಇಬ್ಬರೂ ಮಾತು ಕೇಳುವುದಿಲ್ಲ, ಮುಂದೆ ನುಗ್ಗುತ್ತಾರೆ ಎಂದಳು. ಖರೇ ಮಾತು. ನಮ್ಮವನು ಎರಡು ದಿನ ಮುಖ ಊದಿಸಿಕೊಂಡಿದ್ದ, ಈಗ ಸರಿಹೋಗಿದ್ದಾನೆ.

ಆಮೇಲೆ ಶುರುವಾಯಿತು ನೋಡು. 'ವಾಡಿ ಶೇರ್' ಎಂಬ ಐಡಿಯವನೊಬ್ಬ ಆಟದ ನಡುವೆ ಅವಳ ಕಿವಿಗೆ ಬರುತ್ತಾನೆ. ದನಿ ಬದಲಿಸುವ ಆ್ಯಪ್ ಹಾಕಿಕೊಂಡಿರುತ್ತಾನೆ. ಬೈಯುವುದಿಲ್ಲ, ಅಶ್ಲೀಲ ಮಾತಿಲ್ಲ. ಮರ್ಯಾದೆಯಿಂದ ಕರೆದು ಏನೆನ್ನುತ್ತಾನೆ ಕೇಳು: 'ಬಾಯೋರ, ನಿಮ್ಮ ಕಾಲೇಜಿನ ಗೇಟಿಗಿ ಬರ್ತೀನ್ರಿ. ಅಲ್ಲಿಂದ ಸೀದಾ ನಿಮ್ಮ ಮನಿಗೇ ಹೋಗಮ್ರಿ. ಅಪ್ಪಾವ್ರಿಗಿ ನಮಸ್ಕಾರ ಹೇಳ್ರಿ, ಚಹಾ ಇಡ್ಲಾಕ ಹೇಳ್ರಿ.' ಹುಡುಗಿ ನನಗೆ ಹೇಳುವಾಗ ನಡುಗುತ್ತಿದ್ದಳು. ಅವಳು ಕಂಪನಿಗೆ ದೂರು ಕೊಟ್ಟಳು. ಉತ್ತರ ಬಂತು: 'ಪರಿಶೀಲಿಸಿದ್ದೇವೆ. ನಿಯಮ ಉಲ್ಲಂಘನೆ ಕಂಡುಬಂದಿಲ್ಲ.'

ಕನ್ನಡದ ದೂರುಗಳನ್ನು ಕೇಳಿ ತೀರ್ಪು ಕೊಡುವ ಕೆಲಸ ನಿನ್ನದೇ ಅಲ್ಲವೇ? ಅವಳ ಅಪ್ಪನಿಗೆ ಗೊತ್ತಾದರೆ ಮೊದಲು ನಿಲ್ಲುವುದು ಅವಳ ಕಾಲೇಜು. ಆ ಐಡಿ ಯಾರದು, ಹೇಳು. ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ.

ಚಂದ್ರಕಲಾ

*

ಹೈದರಾಬಾದ್
21 ಜುಲೈ 2025

ಅಕ್ಕಾ,

ನಿನ್ನ ಅಕ್ಷರ ನೋಡಿ ಮೊದಲು ಖುಷಿಯಾಯಿತು, ಓದಿದ ಮೇಲೆ ಹೋಯಿತು.

ಹೇಳಲು ಬರುವುದಿಲ್ಲ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ್ದೇನೆ. ನಮ್ಮ ಫೋನುಗಳನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ. ಒಳಗೆ ಕೇಳಿದ್ದು ಒಳಗೇ ಇರಬೇಕು. ಒಂದು ಹೆಸರು ಹೊರಗೆ ಹೋದರೆ ಕೆಲಸವಷ್ಟೇ ಅಲ್ಲ, ಕೇಸೂ ಆಗುತ್ತದೆ. ಅಷ್ಟಕ್ಕೂ ನಮ್ಮ ಪರದೆಯ ಮೇಲೆ ಹೆಸರು ಇರುವುದಿಲ್ಲ. ಐಡಿ, ಒಂದು ತುಂಡು ಮಾತು, ಕೆಳಗೆ ಎರಡು ಗುಂಡಿ. ತಪ್ಪು ಇದೆ, ತಪ್ಪು ಇಲ್ಲ. ಮುಂದಿನದು ಬರುತ್ತದೆ.

ಆ ದೂರು ನನ್ನ ಟೇಬಲಿನಲ್ಲಿ ಮುಗಿದದ್ದಲ್ಲ. ಅಷ್ಟು ಹೇಳಬಲ್ಲೆ.

ಲುಂಬಿನಿ ಆ ಐಡಿಯನ್ನು ಬ್ಲಾಕ್ ಮಾಡಲಿ, ಪೊಲೀಸರಿಗೆ ಹೇಳಲಿ. ನೀನು ನಡುವೆ ಹೋಗಬೇಡ. ಕಬಡ್ಡಿ ಅಂಕಣ ನಿನ್ನ ಶಾಲೆಯದು, ಅಲ್ಲಿ ನಿನ್ನ ಸೀಟಿಗೆ ಬೆಲೆ ಇದೆ. ಇದು ಕಂಪನಿಯ ಅಂಕಣ. ಅಲ್ಲಿ ಊದಲು ನಿನಗೆ ಸೀಟಿ ಕೊಟ್ಟವರು ಯಾರು? ಸಿಟ್ಟಾಗಬೇಡ, ಕೇಳುತ್ತಿದ್ದೇನೆ ಅಷ್ಟೆ.

ಅಣವೀರ ಹೇಗಿದ್ದಾನೆ? ಊಟಕ್ಕೆ ಹೊತ್ತಿಗೆ ಸರಿಯಾಗಿ ಬರುತ್ತಾನಾ? ಈಗಲೂ ಮಾತಾಡುವ ಮುಂಚೆ ಉಗುರಿನಿಂದ ತಾಟು ಬಡಿಯುತ್ತಾನಾ? ಅವನ ಮೇಲೆ ಸ್ವಲ್ಪ ಕಣ್ಣಿಡು. ಶಹಾಬಾದಿಗೆ ಹೋದರೆ ಅವ್ವನಿಗೆ ನಾನು ಕೇಳಿದೆ ಎನ್ನು.

ಭಾಗ್ಯಶ್ರೀ

*

ಚಿತ್ತಾಪುರ
28 ಜುಲೈ 2025

ಭಾಗ್ಯಶ್ರೀ ಮೇಡಂ ಅವರಿಗೆ,

ಸೀಟಿ ಕೊಟ್ಟವರು ಯಾರು ಎಂದು ಕೇಳಿದಿರಿ. ನಡುಗುತ್ತ ಬಂದು ನನ್ನ ಮುಂದೆ ಕುಳಿತ ಹುಡುಗಿ ಕೊಟ್ಟಳು. ಸಾಕೋ, ಇನ್ನೂ ಬೇಕೋ?

ಪೊಲೀಸು ಬೇಡ ಎಂದು ಲುಂಬಿನಿಯೇ ಕೈಮುಗಿದಳು. ಠಾಣೆಯ ಮೆಟ್ಟಿಲು ಹತ್ತಿದರೆ ಸುದ್ದಿ ಸೇಡಂ ಬಸ್ ಸ್ಟ್ಯಾಂಡಿಗೆ ಮೊದಲು ಮುಟ್ಟುತ್ತದೆ. ಅಲ್ಲಿ ಅವಳ ಅಪ್ಪ ಚಿಂಚೋಳಿ ಬಸ್ಸಿನ ಸ್ಟಿಯರಿಂಗ್ ಹಿಡಿದು ಕುಳಿತಿರುತ್ತಾರೆ. ಬ್ಲಾಕ್ ಮಾಡಿದಳು, ಅವನು ಬೇರೆ ಬಾಗಿಲಿನಿಂದ ಬಂದ. ನಿಮ್ಮ ಎರಡು ಗುಂಡಿಗಳಿಂದ ಆಗದ ಕೆಲಸ ನಾನು ಮಾಡಿದೆ.

ನಿನ್ನೆ ಭಾನುವಾರ ಪಡೆಯವರನ್ನೆಲ್ಲ ವಾಡಿಯ ಮೈದಾನಕ್ಕೆ ಕರೆಸಿದೆ. ಸಾಲಾಗಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದೆ: 'ವಾಡಿ ಶೇರ್ ಐಡಿ ಯಾರದು? ಇದ್ದವ್ರು ಕೈ ಎತ್ರಿ.' ನಮ್ಮ ಹಳ್ಳಿಯ ಕಬಡ್ಡಿಯಲ್ಲಿ ಮುಟ್ಟಿಸಿಕೊಂಡವನು ತಾನೇ ಕೈ ಎತ್ತಿ ಹೊರಗೆ ನಡೆಯುತ್ತಾನಲ್ಲ, ಅದನ್ನೇ ಇವರಿಗೂ ಕಲಿಸಿದ್ದೇನೆ. ಕಲೀಮ್ ಕೈ ಎತ್ತಿದ. ಸ್ಟೇಷನ್ ರೋಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವವನು. ತಂಡದಿಂದ ಕೈಬಿಟ್ಟ ಸಿಟ್ಟು, ಬೇರೇನು?

'ಐಡಿ ನಂದೇ ಟೀಚರ್, ಆದ್ರ...' ಎಂದು ಏನೋ ಶುರು ಮಾಡಿದ. ಎಲ್ಲರ ಮುಂಚೆ ಕೂಗಿದವನು ನಮ್ಮ ಅಣವೀರ: 'ಐಡಿ ನಂದ್ ಅಂತ ಒಪ್ಪಿಕೊಂಡಾನ, ಇನ್ನೇನ್ ಕೇಳೂದದ?' ನನಗೂ ಹಾಗೇ ಅನಿಸಿತು. ಅಲ್ಲೇ ಹೊರಗೆ ಹಾಕಿದೆ. ಹುಡುಗರು ಅವನ ಹಿಂದೆ ಅಂಗಡಿಯವರೆಗೂ ಕೂಗುತ್ತ ಹೋದರು. ನನ್ನ ತಮ್ಮ ಒಂದು ಹುಡುಗಿಯ ಪರವಾಗಿ ಅಷ್ಟು ಕೂಗಿದ್ದು ನೋಡಿ ಎದೆ ತುಂಬಿತು ನೋಡು. ನೀನು ಅವನ ಮೇಲೆ ಕಣ್ಣಿಡು ಎನ್ನುತ್ತೀ!

ಅಕ್ಕ

*

ಹೈದರಾಬಾದ್
1 ಆಗಸ್ಟ್ 2025

ಅಕ್ಕಾ,

ಕಲೀಮನನ್ನು ಬಿಟ್ಟುಬಿಡು. ಅವನ ಅಂಗಡಿಯ ಕಡೆ ಒಬ್ಬರೂ ಹೋಗದ ಹಾಗೆ ನೋಡಿಕೋ. ಈ ಕಾಗದ ಕೈಗೆ ಬಂದ ಕೂಡಲೇ.

ಯಾಕೆ ಎಂದು ಕೇಳಬೇಡ. ನಿನ್ನ ಕಾಲಿಗೆ ಬೀಳುತ್ತೇನೆ.

ಅಣವೀರ ದಿನಾ ವಾಡಿಗೆ ಹೋಗುವುದು ಫ್ಯಾಕ್ಟರಿಯ ಕೆಲಸಕ್ಕೇ ತಾನೆ? ಕೆಲಸ ಬಿಟ್ಟ ಮೇಲೆ ಎಲ್ಲಿ ಕೂಡುತ್ತಾನೆ?

ಭಾಗ್ಯಾ

*

ಚಿತ್ತಾಪುರ
6 ಆಗಸ್ಟ್ 2025

ಭಾಗ್ಯಾ,

ನಿನ್ನ ಕಾಗದ ಬರುವ ಹೊತ್ತಿಗೆ ಕಲೀಮನ ಅಂಗಡಿಯ ಶಟರು ಬಗ್ಗಿಹೋಗಿತ್ತು. ಯಾರೋ ಕಲ್ಲು ಎತ್ತಿ ಹಾಕಿದ್ದಾರೆ. ಪಡೆಯ ಹುಡುಗರಲ್ಲ, ವಾಡಿಯ ಬೇರೆ ಮಂದಿ. ಹುಡುಗಿಯನ್ನು ಕಾಡಿದವನ ಹೆಸರು ಕಲೀಮ್ ಎಂದು ಕಿವಿಗೆ ಬಿದ್ದದ್ದೇ ತಡ, ಅವರಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಆ ಹೆಸರು ಅವರ ಕೈಗೆ ಕೊಟ್ಟವಳು ನಾನು.

ಇವತ್ತು ಅವನ ತಾಯಿ ಜಬೀನಾ ಶಾಲೆಗೇ ಬಂದಳು. ಅಳಲಿಲ್ಲ, ಕೂಗಲಿಲ್ಲ. ಕುಂದ್ರಿ ಎಂದರೂ ಕೂಡಲಿಲ್ಲ. 'ಟೀಚರಮ್ಮಾ, ನೀವು ಐಡಿ ಯಾರದು ಅಂತ ಕೇಳಿದ್ರಿ, ನನ್ನ ಮಗ ಖರೇ ಹೇಳ್ದ. ಮಾತ್ ಯಾರದು ಅಂತ ಯಾಕ ಕೇಳ್ಲಿಲ್ರಿ? ಅಂಗಡ್ಯಾಗ ಒಂದು ಫೋನ್ ಇಟ್ಟಾನ, ಆಟ ಅದ್ರಾಗೇ ಹಚ್ಚಿರ್ತದ. ಬಂದವ್ರೆಲ್ಲ ಅದೇ ಐಡಿಲೇ ಆಡ್ತಾರ. ಚಹಾ ಕುಡೀತಾರ, ಆಡ್ತಾರ, ಹೋಗ್ತಾರ.' ಹಾಗಾದರೆ ಆವತ್ತು ಆಡಿದವನು ಯಾರು ಎಂದೆ. 'ಅವಗ ಗೊತ್ತದ. ಹೇಳಂಗಿಲ್ಲ. ಅವ್ರ ಮನ್ಯಾಗ ನಾ ಉಂಡೀನಿ ಅಮ್ಮಿ, ಹ್ಯಾಂಗ ಹೇಳ್ಲಿ ಅಂತಾನ.' ಅಷ್ಟು ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತಳು. ಯಾಕೆ ಹಾಗೆ ನೋಡುತ್ತಾಳೋ ನನಗೆ ತಿಳಿಯಲಿಲ್ಲ.

ಶಟರಿನ ಸುದ್ದಿ ಸೇಡಂ ಮುಟ್ಟಿದೆ. ವಿಠೋಬಾ ಅವರು ಮಗಳ ಫೋನು ಇಸಿದುಕೊಂಡು, 'ನೀ ಏನೂ ಅನ್ನದ ಅವ ಹಂಗ್ಯಾಕ ಅಂತಾನ? ಸಾಕು ಕಾಲೇಜು, ಮನ್ಯಾಗಿರು' ಎಂದಿದ್ದಾರೆ. ಯಾವುದನ್ನು ತಪ್ಪಿಸಲು ಹೊರಟೆನೋ ಅದನ್ನೇ ಮಾಡಿ ಕುಳಿತೆ. ಮಧ್ಯಾಹ್ನ ಲುಂಬಿನಿ ಪಕ್ಕದ ಮನೆಯ ಫೋನಿನಿಂದ ಮಾತಾಡಿದಳು. ಕಲೀಮಣ್ಣ ಅಲ್ಲ ಎಂದು ಅವಳಿಗೂ ಅನುಮಾನವಿತ್ತಂತೆ. ಆ ದಿನ ಗದ್ದಲದಲ್ಲಿ ಅವಳ ಮಾತು ಕೇಳಿದವರು ಯಾರು? ನಾನಂತೂ ಕೇಳಲಿಲ್ಲ. ಗುರುತು ಏನಾದರೂ ಇದೆಯಾ ಎಂದೆ. 'ದನಿ ಬದಲ್ ಮಾಡ್ಯಾನ ಟೀಚರ್. ಆದ್ರ ಪ್ರತಿ ಸಲ ಮಾತಾಡೂ ಮುಂಚೆ ಟಕ್ ಟಕ್ ಅಂತ ಸಪ್ಪಳ ಬರ್ತದ, ಉಗುರಿಲೆ ಬಡದಂಗ.'

ಭಾಗ್ಯಾ, ನಿನ್ನ ಕಾಗದಗಳನ್ನು ಮತ್ತೆ ತೆಗೆದು ಓದಿದೆ. ಎರಡರಲ್ಲೂ ಅಣವೀರನನ್ನು ಕೇಳಿದ್ದೀ. ತಾಟು ಬಡಿಯುತ್ತಾನಾ ಎಂದು ಕೇಳಿದ್ದೀ.

ಅವನು ಈಗ ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದಾನೆ. ಪಲ್ಯ ಹಾಕು ಎನ್ನುವ ಮುಂಚೆ ತಾಟು ಬಡಿದ. ನನಗೆ ಎದ್ದು ಹೋಗಿ ಬಡಿಸಲು ಆಗುತ್ತಿಲ್ಲ.

ಅಲ್ಲ ಎಂದು ಬರೆ. ಒಂದೇ ಒಂದು ಸಾಲು ಬರೆ.

ಅಕ್ಕ

*

ಹೈದರಾಬಾದ್
12 ಆಗಸ್ಟ್ 2025

ಅಕ್ಕಾ,

ಅಲ್ಲ ಎಂದು ಬರೆಯಲು ಆಗುವುದಿಲ್ಲ.

ಆ ತುಂಡು ಮೊದಲು ನನ್ನ ಕಿವಿಗೇ ಬಂತು. ಟಕ್ ಟಕ್ ಕೇಳಿದ ಕೂಡಲೇ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ. ಗುರುತಿನವರ ದನಿ ಬಂದರೆ ನಾವು ತೀರ್ಪು ಕೊಡಬಾರದು, ಬೇರೆಯವರಿಗೆ ದಾಟಿಸಬೇಕು. ಅದು ನಿಯಮ. ದಾಟಿಸಿದೆ. ನನ್ನ ಪಕ್ಕದ ಹುಡುಗ ಮೈಸೂರು ಕಡೆಯವನು, ಒಳ್ಳೆಯವನು, ಕನ್ನಡವೂ ಚೆನ್ನಾಗಿದೆ. ಅವನು ಕೇಳಿ ನಕ್ಕ. 'ಎಷ್ಟು ಮರ್ಯಾದೆಯಾಗಿ ಮಾತಾಡ್ತಾರೆ ನಿಮ್ಮ ಕಡೆಯವರು! ಮನೆಗೆ ಬರ್ತೀನಿ, ಚಹಾ ಇಡಿ ಅಂತಿದ್ದಾರೆ' ಎಂದು ತಪ್ಪು ಇಲ್ಲ ಒತ್ತಿದ. ಅವನಿಗೆ ಬೈಗುಳ ಗೊತ್ತು, ನಮ್ಮ ಕಡೆ ಮರ್ಯಾದೆಯಲ್ಲೇ ಬೆದರಿಸುತ್ತಾರೆಂಬುದು ಗೊತ್ತಿಲ್ಲ. ಅವನು ಹಾಗೇ ಒತ್ತುತ್ತಾನೆಂದು ನನಗೆ ಗೊತ್ತಿತ್ತು, ಅಕ್ಕಾ. ನಾನು ಬಾಯಿ ಬಿಡಲಿಲ್ಲ. ನಿಯಮ ನನ್ನನ್ನು ಕಾಪಾಡಿತು, ತಮ್ಮನನ್ನೂ ಕಾಪಾಡಿತು. ಆ ಹುಡುಗಿಯನ್ನು ಕಾಪಾಡಲಿಲ್ಲ.

ನಿನ್ನ ಕಾಗದ ಬಂದ ದಿನವೇ ಮೇಲಿನವರ ಹತ್ತಿರ ಹೋದೆ. ದನಿ ನನ್ನ ತಮ್ಮನದು, ಮಾತಿನ ಅರ್ಥ ಬೆದರಿಕೆ, ದೂರನ್ನು ಮತ್ತೆ ತೆರೆಯಿರಿ ಎಂದು ಬರೆದುಕೊಟ್ಟೆ. ತೆರೆದರು. ಶಿಕ್ಷೆಯನ್ನೂ ಕೊಟ್ಟರು. 'ವಾಡಿ ಶೇರ್' ಐಡಿ ಕಾಯಮ್ ಬಂದ್, ಆ ಫೋನೂ ಬಂದ್. ಅಂದರೆ ಕಲೀಮನದು! ಆಡಿದವನು ಬೇರೆ ಎಂದು ಎಷ್ಟು ಹೇಳಿದರೂ, 'ನಮಗೆ ಕಾಣುವುದು ಐಡಿ, ಮನುಷ್ಯ ಅಲ್ಲ' ಎಂದರು. ನನ್ನನ್ನು ಕನ್ನಡದ ಟೇಬಲಿನಿಂದ ತೆಗೆದಿದ್ದಾರೆ. ಮುಂದೆ ಏನೋ ತಿಳಿಯದು.

ನೀನು ಅವನಿಗೆ ನಾಲ್ಕು ಬಾರಿಸಿ ಮುಗಿಸಬೇಡ. ಅವನು ನಮ್ಮ ತಮ್ಮ. ಇದರಲ್ಲಿ ನೀನೂ ಸೀಟಿ ಊದಬಾರದು, ನಾನೂ ಊದಬಾರದು. ಲುಂಬಿನಿಯನ್ನು ಕೇಳು. ನಾವು ಯಾರೂ ಇಲ್ಲಿಯವರೆಗೆ ಅವಳನ್ನು ಕೇಳಿಲ್ಲ.

ಭಾಗ್ಯಾ

*

ಚಿತ್ತಾಪುರ
25 ಆಗಸ್ಟ್ 2025

ಭಾಗ್ಯಾ,

ನಾಲ್ಕು ಬಾರಿಸಲಿಲ್ಲ. ಎರಡು ಬಾರಿಸಿದೆ, ಸುಳ್ಳು ಹೇಳುವುದಿಲ್ಲ. 'ಮಜಾಕ್ ಮಾಡಿದ್ದೆ ಅಕ್ಕಾ. ಬೈದೀನೇನು? ರಿ ಹಚ್ಚೇ ಮಾತಾಡೀನಿ' ಎಂದ. ಆಗ ಕೈ ತಡೆಯಲಿಲ್ಲ. ಒಂದು ಹುಡುಗಿ ತನಗೆ ಹಿಂದೆ ನಿಲ್ಲು ಎಂದಳಂತೆ, ಮಂದಿ ನಕ್ಕರಂತೆ. ಇಷ್ಟೇ ಕಾರಣ. ಕಲೀಮನನ್ನು ಹೊರಗೆ ಹಾಕುವಾಗ ನೀನೇ ಯಾಕೆ ಮುಂಚೆ ಕೂಗಿದೆಯೋ ಎಂದೆ. ಎದ್ದು ಹೊರಗೆ ಹೋದ.

ಲುಂಬಿನಿಯನ್ನು ಕೇಳಿದೆ. ಪೊಲೀಸರ ಹತ್ತಿರ ಹೋಗುತ್ತೇನೆ ಎಂದರೆ ನನ್ನ ತಮ್ಮನನ್ನು ನಾನೇ ಕರೆತರುತ್ತೇನೆ ಎಂದೂ ಹೇಳಿದೆ. ಅವಳು ಅಂದಳು: 'ಮನಿಗಿ ಬರ್ತೀನಿ ಅಂದಾನಲ್ಲ ಟೀಚರ್, ಬರ್ಲಿ. ಅಪ್ಪ ಇದ್ದಾಗ ಬರ್ಲಿ. ನಾ ಏನ್ ಅಂದಿದ್ದೆ ಅಂತ ಅವನ ಬಾಯಿಲೇ ಅಪ್ಪಗ ಹೇಳ್ಲಿ.'

ಹದಿನೇಳನೆಯ ತಾರೀಖು ಭಾನುವಾರ ಅವನನ್ನು ಕರೆದುಕೊಂಡು ಸೇಡಂಗೆ ಹೋದೆ.  ಅವರ ಮನೆಯ ಮುಂದೆ ಅವನು ಚಪ್ಪಲಿ ಬಿಟ್ಟು ನನ್ನ ಹಿಂದೆ ನಿಂತ. ವಿಠೋಬಾ ಅವರು ಹೊರಸಿನ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ 'ಬರ್ರಿ ಟೀಚರ್, ಕುಂದ್ರಿ' ಎಂದರು. ಅವನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಲುಂಬಿನಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

'ಅಪ್ಪಾ, ಆವತ್ತು ನಂಗೊಂದು ಮಾತ್ ಬಂದಿತ್ತಲ್ಲ' ಎಂದು ಅದನ್ನು ತಾನೇ ಹೇಳಿದಳು. ಗೇಟು, ಮನೆ, ನಮಸ್ಕಾರ, ಚಹಾ, ಒಂದೂ ಬಿಡದೆ. ಅದೇ ನಯ, ಅದೇ ರಾಗ. ವಿಠೋಬಾ ಅವರ ದವಡೆ ಬಿಗಿಯಿತು. ಆ ಮಾತಿನ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಅಂಗಳಕ್ಕೆ ಇಳಿದು ಕೇಳಿದಳು:

'ಈ ಮಾತ್ ಯಾರದು?'

ಅಣವೀರ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಭಾಗ್ಯಾ, ಅವನನ್ನು ಬಗಲಲ್ಲಿ ಹೊತ್ತು ಕಾಗಿಣಾದ ದಂಡೆಯಲ್ಲಿ ತಿರುಗಿದವಳು ನಾನು. ಆದರೂ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಅವನು ಕೈ ಎತ್ತಿದ.

ವಿಠೋಬಾ ಎದ್ದು ನಿಂತರು. ಹೊಡೆಯುತ್ತಾರೆ ಎಂದುಕೊಂಡೆ, ತಡೆಯಬಾರದು ಎಂದೂ ನಿಶ್ಚಯ ಮಾಡಿದೆ. ಅವರು ಅವನ ಮುಂದೆ ಬಂದು, 'ನನ್ನ ಮಗಳು ನಿನಗೇನಂದಿದ್ದಳು?' ಎಂದರು.

'ಏನೂ ಅಂದಿಲ್ರಿ. ಆಟದಾಗ ಹಿಂದ ನಿಲ್ಲು ಅಂದಿದ್ದಳು.'

'ಅಷ್ಟ?'

'ಅಷ್ಟೇ ರೀ.' ಕೈ ಇಳಿಸಹೋದ.

'ಇಳಸಬ್ಯಾಡ' ಎಂದರು ವಿಠೋಬಾ. 'ಲುಂಬಿನಿ, ಚಹಾ ಇಡು.'

ಅವಳು ಒಳಗೆ ಹೋದಳು. ಅವಸರ ಮಾಡಲಿಲ್ಲ. ಪಾತ್ರೆ ತೊಳೆದ ಸಪ್ಪಳ, ಶುಂಠಿ ಕುಟ್ಟಿದ ಸಪ್ಪಳ, ಹಾಲು ಉಕ್ಕಿದ ಸಪ್ಪಳ, ಎಲ್ಲ ಕೇಳುತ್ತ ನಾವು ಅಂಗಳದಲ್ಲಿದ್ದೆವು. ಅವನ ಕೈ ಮೇಲೇ ಇತ್ತು. ಓಣಿಯಲ್ಲಿ ಹೋಗುವವರು ನಿಂತು ನೋಡಿ ಹೋದರು. ಅವಳು ಚಹಾ ತಂದು ಅಪ್ಪನಿಗೆ ಕೊಟ್ಟಳು, ನನಗೆ ಕೊಟ್ಟಳು, ಕೊನೆಗೆ ಅವನ ಮುಂದೆ ಹಿಡಿದಳು. 'ಇಳಸು. ಕುಡಿ. ನೀನೇ ಕೇಳಿದ್ದಿ.' ಅವನು ಕುಡಿಯುವಾಗ ಅತ್ತ. ನಾನು ಸಮಾಧಾನ ಮಾಡಲಿಲ್ಲ.

ವಿಠೋಬಾ ಖಾಲಿ ಬಸಿ ಕೆಳಗಿಟ್ಟು, ಜೇಬಿನಿಂದ ಮಗಳ ಫೋನು ತೆಗೆದು ಅವಳ ಕೈಗೆ ಕೊಟ್ಟರು. 'ತಪ್ಪು ತಿಳ್ಕೊಂಡೆ ಅವ್ವಾ. ನಾಳಿ ಕಾಲೇಜಿಗಿ ಎಷ್ಟಕ್ಕ ಹೋಗಬೇಕು?' ಎಂದರು. ಅವಳು ಆಗ ಮೊದಲ ಸಲ ಅತ್ತಳು.

ಇಲ್ಲಿಗೆ ಮುಗಿಯಿತು ಎಂದುಕೊಂಡು ಬಸ್ಸು ಹತ್ತಿದೆ. ನಾನೆಂಥ ಹುಚ್ಚಿ!

ನಿನ್ನೆ ಲುಂಬಿನಿಯೇ ಪಡೆಯವರನ್ನು ವಾಡಿಗೆ ಕರೆಸಿದಳು. ಅದೇ ಮೈದಾನ, ಅದೇ ಸಾಲು. ಕಲೀಮನೂ ಬಂದಿದ್ದ, ಜಬೀನಾಳೂ ಬಂದಿದ್ದಳು. ಅಣವೀರ ಎಲ್ಲರ ಮುಂದೆ ಆಡಿದ್ದನ್ನು ಒಪ್ಪಿಕೊಂಡ. ತಂಡದಿಂದಲೂ ಪಡೆಯಿಂದಲೂ ಹೊರಗೆ, ತಾನು ಕರೆಯುವವರೆಗೆ ಬರಬಾರದು ಎಂದು ಲುಂಬಿನಿ ಹೇಳಿದಳು. ಕಲೀಮನ ಐಡಿ ತಿರುಗಿ ಬರುವುದಿಲ್ಲ, ನಿಮ್ಮ ಕಂಪನಿಗೆ ಅರ್ಜಿ ಹಾಕಿದರೆ ಅದೇ ಎರಡು ಸಾಲಿನ ಉತ್ತರ. ಎಷ್ಟೋ ವರ್ಷದ ಆಟ, ಹೋಯಿತು.  ಶಟರು ಇನ್ನೂ ಬಗ್ಗಿಯೇ ಇದೆ.

ಆಮೇಲೆ ಲುಂಬಿನಿ ಸಾಲಿನ ಕಡೆ ತಿರುಗಿ, ಯಾರ ಮುಖವನ್ನೂ ನೋಡದೆ ಕೇಳಿದಳು: 'ಕಲೀಮಣ್ಣನ ಮಾತು ಪೂರಾ ಕೇಳದೇ ಅವನ್ನ ಹೊರಗ ಹಾಕಿದ್ದು ಯಾರು? ಕೈ ಎತ್ರಿ.'

 ಸೀಟಿ ನನ್ನ ಕೊರಳಲ್ಲಿತ್ತು, ಭಾಗ್ಯಾ. ಇಷ್ಟು ವರ್ಷ ಕಂಡವರಿಗೆಲ್ಲ ಕೈ ಎತ್ತಲು ಕಲಿಸಿದವಳು ನಾನು. ನನ್ನ ಕೈ ಎತ್ತುವುದು ಇಷ್ಟು ಭಾರ ಎಂದು ಗೊತ್ತಿರಲಿಲ್ಲ. ಎತ್ತಿದೆ. ಸೀಟಿ ಬಿಚ್ಚಿ ಅವಳಿಗೆ ಕೊಟ್ಟೆ.

ಜಬೀನಾ ನೋಡುತ್ತಿದ್ದಳು. ಕಲೀಮ್ ನೋಡುತ್ತಿದ್ದ. ಇಳಿಸಿ ಟೀಚರ್ ಎಂದು ಲುಂಬಿನಿ ಅನ್ನುತ್ತಾಳೆ ಎಂದು ಕಾದೆ. ಅವಳು ಕಲೀಮನ ಕಡೆ ನೋಡಿ, 'ನೀ ಹೇಳಣ್ಣಾ' ಎಂದಳು.

ಇಳಿಸ್ರಿ ಎಂದು ಅವನು ಇನ್ನೂ ಹೇಳಿಲ್ಲ.

ಅಕ್ಕ